ಮೆಕ್ಯಾನಿಕ್ ತೀರಿಕೊಂಡ ಶುಕ್ರವಾರ

‘ನಗುವ ಹೆಂಗಸನ್ನೂ ಅಳುವ ಗಂಡಸನ್ನೂ ನಂಬಬಾರದು’ ಎಂಬ ಗಾದೆಯನ್ನು ಅಜ್ಜಿಯ ಬಾಯಲ್ಲಿ ಕೇಳುತ್ತ ಬೆಳೆದವಳು ನಾನು. ಕನ್ನಡ ಎಂ.ಎ. ಓದುವಾಗ, ನಗುವ ಹೆಂಗಸು ಮಾಡಿದ ಅಪರಾಧವಾದರೂ ಏನು ಎಂದು ಕೇಳಿ ಆವೇಶದಿಂದ ಒಂದು ಪ್ರಬಂಧ ಬರೆದೆ. ಅಳುವ ಗಂಡಸಿನ ಪರವಾಗಿ ಯಾರೂ ಏನನ್ನೂ ಕೇಳಿಲ್ಲವಲ್ಲ ಎಂದು ನನಗೆ ಹೊಳೆದದ್ದು ಕುವೈತಿಗೆ ಬಂದು, ಫಿಂಟಾಸಿನ ಅಕ್ಕನ ಮನೆಯಲ್ಲಿ ಇರತೊಡಗಿದ ಮೇಲೆ. ನಗಬೇಕೋ ಅಳಬೇಕೋ ತಿಳಿಯದ ಪ್ರಸಂಗಗಳು ಆ ಮನೆಯಲ್ಲಿ ನಡೆಯುತ್ತಲೇ ಇರುತ್ತವೆ. ಅವುಗಳಿಗೆ ಶುಕ್ರವಾರವೇ ಪ್ರಶಸ್ತ.

ಏಕೆಂದರೆ ಅಂದು ರಜೆ. ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಪಂಪುಗಳನ್ನು ರಿಪೇರಿ ಮಾಡುವ ನನ್ನ ಭಾವ ಬೆಳಗಿನ ತಿಂಡಿ ಮುಗಿಸಿ ಟಿವಿಯ ಮುಂದೆ ಕುಳಿತರೆಂದರೆ ಅವರನ್ನು ಎಬ್ಬಿಸುವವರಿಲ್ಲ. ಅವರು ನೋಡುವುದು ಇಂಗ್ಲಿಷಿನ ಒಂದು ವೈಜ್ಞಾನಿಕ ಧಾರಾವಾಹಿ. ನಕ್ಷತ್ರಗಳ ನಡುವೆ ಸರಕು ಸಾಗಿಸುವ ಒಂದು ಹಳೆಯ ನೌಕೆ. ಅದನ್ನು ಹೇಗೋ ಓಡಿಸಿಕೊಂಡು ಹೋಗುವ ಒಬ್ಬ ದಪ್ಪ ಮೀಸೆಯ ಮೆಕ್ಯಾನಿಕ್. ಆ ನೌಕೆಗೆ ಕ್ಯಾಪ್ಟನ್ ಯಾರೆಂದು ಭಾವನಿಗೆ ಇಂದಿಗೂ ಗೊತ್ತಿಲ್ಲ.

ಆ ದಿನಗಳಲ್ಲಿ ಮನೆಯಲ್ಲಿ ಒಂದು ವಾದ ನಡೆದಿತ್ತು. ತಾಯಿಯಿಲ್ಲದ ಭಾವನನ್ನು ಸಾಕಿ ಬೆಳೆಸಿದ ಅವರ ದೊಡ್ಡಕ್ಕ ಕಳೆದ ವರ್ಷ ಊರಿನಲ್ಲಿ ತೀರಿಕೊಂಡಿದ್ದರು. ರಿಫೈನರಿಯಲ್ಲಿ ಆಗ ಶಟ್‌ಡೌನ್ ಕೆಲಸ, ರಜೆ ಸಿಗಲಿಲ್ಲ. ಭಾವ ಅಂತ್ಯಕ್ರಿಯೆಯನ್ನೆಲ್ಲ ಫೋನಿನ ವಿಡಿಯೊದಲ್ಲಿ ನೋಡಿದರು, ಅಳಲಿಲ್ಲ. ಈಗ ವರ್ಷಾಂತಿಕ ಹತ್ತಿರವಾಗಿತ್ತು. “ಈ ಸಲವಾದರೂ ಹೋಗಿ ಬನ್ನಿ” ಎಂದು ಅಕ್ಕ. “ಅವಳೇ ಇಲ್ಲದ ಮನೆಗೆ ಹೋಗಿ ನಾನು ಎಂತ ಮಾಡುವುದು?” ಎಂದು ಭಾವ. ವಾದ ಅಲ್ಲಿಗೆ ನಿಲ್ಲುತ್ತಿತ್ತು. ಮರುದಿನ ಅಲ್ಲಿಂದಲೇ ಆರಂಭವಾಗುತ್ತಿತ್ತು.

ಪರ್ಮಿಟ್ ಇಲ್ಲದ ಕೆಲಸ

ಆ ಶುಕ್ರವಾರದ ಕಂತಿನಲ್ಲಿ ನೌಕೆಯ ಎಂಜಿನ್ ಕೋಣೆಯೊಳಗೆ ಏನೋ ಸದ್ದಾಯಿತು. ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದು ಪಂಪಿನ ಬಳಿ ಬಗ್ಗಿದ. ಭಾವ ಸೋಫಾದಿಂದ ಅರ್ಧ ಎದ್ದರು.

“ಲೈನ್ ಬಂದ್ ಮಾಡದೆ ಪಂಪ್ ಬಿಚ್ಚುತ್ತಾನಲ್ಲ! ಪರ್ಮಿಟ್ ಎಲ್ಲಿ? ಹೆಲ್ಮೆಟ್ ಎಲ್ಲಿ? ಸೇಫ್ಟಿಯವರು ಎಲ್ಲಿ ಸತ್ತಿದ್ದಾರೆ?”

“ಅದು ಕಥೆ ಮಾರಾಯ್ರೆ” ಎಂದಳು ಅಕ್ಕ.

“ಕಥೆಯಾದರೂ ಪ್ರೆಶರ್ ಪ್ರೆಶರೇ ಅಲ್ಲವಾ?”

ಮರುಕ್ಷಣವೇ ಪೈಪು ಒಡೆದು ನೌಕೆಯ ತುಂಬ ಹೊಗೆ ಕವಿಯಿತು. “ನಾನು ಹೇಳಿದೆ, ಕೇಳಿದನಾ ಅವನು?” ಎಂದು ಭಾವ ನಮ್ಮ ಮೇಲೆಯೇ ರೇಗಿದರು.

ವ್ಯೋಮನೌಕೆ ಸೋರುತ್ತಿದೆ

ಅಕ್ಕನ ಮಗಳಿಗೆ ಕನ್ನಡ ಕಲಿಸುವುದು ನಾನು ಕೈಗೊಂಡ ವ್ರತ. ಕನ್ನಡವೆಲ್ಲ ಅವಳಿಗೆ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಕಂತು ನಡೆಯುವಾಗ ಕಥೆಯನ್ನು ಕನ್ನಡದಲ್ಲಿ ಹೇಳಬೇಕೆಂಬುದು ನಮ್ಮ ಒಪ್ಪಂದ.

“ಚಿಕ್ಕಮ್ಮ, ಶಿಪ್ ಲೀಕ್ ಆಗ್ತಾ ಉಂಟು!”

“‘ವ್ಯೋಮನೌಕೆಯಿಂದ ಅನಿಲ ಸೋರುತ್ತಿದೆ’ ಎನ್ನಬೇಕು ಪುಟ್ಟಿ.”

ಅವಳು ನನ್ನನ್ನು ಮರುಕದಿಂದ ನೋಡಿದಳು. “ಅಷ್ಟು ಉದ್ದ ಹೇಳುವುದರೊಳಗೆ ಎಲ್ಲರೂ ಡೈ ಆಗ್ತಾರೆ, ಚಿಕ್ಕಮ್ಮ.”

ಎಂಥ ಕಂಪನಿಯಪ್ಪ

ಎಲ್ಲರೂ ಸಾಯಲಿಲ್ಲ, ಮೆಕ್ಯಾನಿಕ್ ಒಬ್ಬನೇ ಸತ್ತ. ಸೋರಿಕೆ ನಿಲ್ಲಿಸಲು ಅವನು ಎಂಜಿನ್ ಕೋಣೆಯ ಬಾಗಿಲನ್ನು ಒಳಗಿನಿಂದ ಮುಚ್ಚಿಕೊಂಡ. ಜೊತೆಯವರು ಹೊರಗಿನಿಂದ ಗಾಜಿಗೆ ಅಂಗೈ ಒತ್ತಿ ನಿಂತರು. ಅವನು ಕಾಣುತ್ತಿದ್ದ, ಮಾತೂ ಕೇಳುತ್ತಿತ್ತು, ಮುಟ್ಟಲು ಮಾತ್ರ ಆಗುತ್ತಿರಲಿಲ್ಲ.

“ಬಾಗಿಲು ತೆಗೆಯಿರಿ” ಎಂದರು ಭಾವ ಮೆಲ್ಲನೆ. ಬಳಿಕ ಚಹಾದ ಲೋಟವನ್ನು ಕೆಳಗಿಟ್ಟು, ಎದೆ ಒಡೆದವರಂತೆ ದನಿ ತೆಗೆದು ಅತ್ತರು. ಆ ದನಿಯನ್ನು ನಾವು ಯಾರೂ ಹಿಂದೆ ಕೇಳಿರಲಿಲ್ಲ. ಅಕ್ಕ ಗಾಬರಿಯಿಂದ ಟಿವಿ ಆರಿಸಿದಳು.

ಎದುರು ಫ್ಲ್ಯಾಟಿನಲ್ಲಿರುವ ಬಾಯಮ್ಮ, ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನಮ್ಮೂರ ಕಡೆಯ ಕೊಂಕಣಿ ಹೆಂಗಸು, ಓಡಿ ಬಂದರು. ಅಕ್ಕ ಭಾವನ ಬೆನ್ನು ಸವರುತ್ತ ಕುಳಿತಿದ್ದಳು. ಬಾಯಮ್ಮ ಪುಟ್ಟಿಯನ್ನೇ ಕೇಳಿದರು.

“ಯಾರು ಹೋದದ್ದು ಮಗಾ?”

“ಮೆಕ್ಯಾನಿಕ್ ಅಂಕಲ್. ಪಪ್ಪನ ಫೇವರಿಟ್.”

“ಅಯ್ಯೋ ದೇವಾ! ಕೆಲಸದಲ್ಲಿರುವಾಗಲಾ?”

“ಹೌದು, ಗ್ಯಾಸ್ ಲೀಕ್.”

“ಬಾಡಿ ಊರಿಗೆ ಕಳಿಸುತ್ತಾರಂತಾ?”

ಮುಂದಿನ ದೃಶ್ಯವನ್ನು ಪುಟ್ಟಿ ಗೆಳತಿಯ ಮನೆಯಲ್ಲಿ ಮೊದಲೇ ನೋಡಿದ್ದಳು. “ನೋ ಆಂಟಿ. ಬಾಗಿಲು ತೆರೆದು ಹೊರಗೆ ಬಿಟ್ಟುಬಿಡ್ತಾರೆ.”

ಬಾಯಮ್ಮ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. “ಎಂಥ ಕಂಪನಿಯಪ್ಪ ಇದು!”

ಶ್ರದ್ಧಾಂಜಲಿ

ಮಧ್ಯಾಹ್ನದೊಳಗೆ ಮನೆ ತುಂಬಿತು. ಇಲ್ಲಿ ನಮ್ಮವರು ಯಾರೇ ತೀರಿಕೊಂಡರೂ ಓಡಾಡಿ ಶವವನ್ನು ಊರಿಗೆ ಮುಟ್ಟಿಸುವ ಸಂಘದ ಕಾರ್ಯದರ್ಶಿಯವರಿಗೆ ಬಾಯಮ್ಮ ಫೋನ್ ಮಾಡಿದ್ದರು. ಅವರು ನಾಲ್ಕು ಜನರೊಂದಿಗೆ ಬಂದು ತಲೆ ತಗ್ಗಿಸಿ ಕುಳಿತರು. ಬಾಯಮ್ಮ ಗಂಜಿ, ಉಪ್ಪಿನಕಾಯಿ ತಂದರು. ಭಾವ ಮಲಗುವ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದರು.

ಕಾರ್ಯದರ್ಶಿ ದನಿ ತಗ್ಗಿಸಿ, ವೀಸಾ ಕೊಟ್ಟ ಧಣಿಯನ್ನು ಮೊದಲು ವಿಚಾರಿಸಿದರು: “ಕಫೀಲ್ ಯಾರು? ಪಾಸ್‌ಪೋರ್ಟ್ ಯಾರ ಹತ್ತಿರ ಉಂಟು?”

ಸತ್ಯವನ್ನು ಹೇಳುವುದು ವಿದ್ಯಾವಂತರ ಕರ್ತವ್ಯವೆಂದು ನಾನು ಎದ್ದು ನಿಂತೆ. “ದಯವಿಟ್ಟು ಕ್ಷಮಿಸಬೇಕು. ಅವರು ತೀರಿಕೊಂಡದ್ದು ಟಿವಿಯಲ್ಲಿ.”

“ಟಿವಿಯಲ್ಲೂ ಬಂತಾ!” ಕಾರ್ಯದರ್ಶಿಯವರ ಮುಖದಲ್ಲಿ ನೆಮ್ಮದಿ ಕಾಣಿಸಿತು. “ಹಾಗಾದರೆ ಚಿಂತೆಯಿಲ್ಲ. ಇನ್ನು ಎಂಬೆಸಿಯವರೇ ಫೋನ್ ಮಾಡುತ್ತಾರೆ.”

ಬೇರೆ ದಾರಿ ಕಾಣದೆ ಟಿವಿಯಲ್ಲಿ ಅದೇ ಕಂತನ್ನು ಮತ್ತೆ ಹಾಕಿ ತೋರಿಸಿದೆ. ಯಾರಾದರೂ ಬೈಯುತ್ತಾರೆಂದು ಕಾದೆ, ಯಾರೂ ಬೈಯಲಿಲ್ಲ. ಕಂತು ಮುಗಿಯುವಾಗ ಕಾರ್ಯದರ್ಶಿಯವರು ಕನ್ನಡಕ ಒರೆಸಿಕೊಳ್ಳುತ್ತಿದ್ದರು. “ಒಳ್ಳೆ ಕೆಲಸಗಾರ, ಪಾಪ. ಬಾಡಿಯನ್ನು ಹೀಗೆ ಹೊರಗೆ ಬಿಟ್ಟರೆ ಹೇಗೆ? ನಮಗೆ ಒಂದು ಮಾತು ತಿಳಿಸಬಾರದಿತ್ತಾ?”

ಆ ಮಾತಿಗೆ ಎಲ್ಲರೂ ನಕ್ಕುಬಿಟ್ಟರು. ಹೊರಗೆ ಬಂದು ಬಾಗಿಲಲ್ಲಿ ನಿಂತಿದ್ದ ಭಾವನೂ ಕೆಂಪು ಕಣ್ಣುಗಳಲ್ಲೇ ನಕ್ಕರು. ಬಾಯಮ್ಮ ಮಾತ್ರ ನಗಲಿಲ್ಲ.

“ಅಣ್ಣ, ನಿಮ್ಮ ದೊಡ್ಡಕ್ಕ ಹೋದ ದಿನ ನಾನು ಇಲ್ಲೇ ಕೂತಿದ್ದೆ. ನೀವು ನನಗೆ ಚಹಾ ಮಾಡಿ ಕೊಟ್ಟಿರಿ. ಅವತ್ತು ಎಲ್ಲಿತ್ತು ಈ ಅಳು?”

ನಗು ನಿಂತಿತು.

“ಫೋನಿನ ಮೂಲೆಯಲ್ಲಿ ನನ್ನ ಮುಖವೂ ಕಾಣುತ್ತಿತ್ತು ಬಾಯಮ್ಮ” ಎಂದರು ಭಾವ. “ಅವಳನ್ನು ಎತ್ತಿಕೊಂಡು ಹೋಗುವುದನ್ನು ನೋಡಲಾ, ಆ ಮುಖವನ್ನು ನೋಡಲಾ? ನಮ್ಮ ಮುಖವನ್ನು ನಾವೇ ನೋಡಿಕೊಂಡು ಅಳಲಿಕ್ಕೆ ಆಗುವುದಿಲ್ಲ. ಆಮೇಲೆ ಊರಿನವರು ಫೋನ್ ಕಟ್ ಮಾಡಿದರು. ಖಲಾಸ್.”

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭಾವ ನಮ್ಮನ್ನೆಲ್ಲ ಒಮ್ಮೆ ನೋಡಿದರು.

“ದೊಡ್ಡಕ್ಕನ ವರ್ಷಾಂತಿಕಕ್ಕೆ ನಾನು ಊರಿಗೆ ಹೋಗುತ್ತೇನೆ. ರಜೆ ಕೊಟ್ಟರೂ ಹೋಗುತ್ತೇನೆ, ಕೊಡದಿದ್ದರೂ ಹೋಗುತ್ತೇನೆ.”