ಬೆಂಕಿ ಬೆಟ್ಟಕ್ಕೆ ನಾನು ಹೋಗದೆ ಉಳಿದದ್ದು

ಚೈತ್ರಾ, ಮಧು, ನೀವಿಬ್ಬರೂ ಅಂಡಮಾನಿಗೆ ಹೋಗಿಬಂದ ಕಥೆ ಹೇಳುವಾಗಲೆಲ್ಲ ಕೊನೆಗೆ ‘ನಮ್ಮಜ್ಜಿಗೆ ಸಮುದ್ರ ಅಂದರೆ ಭಯ, ಅದಕ್ಕೇ ಬರಲಿಲ್ಲ’ ಎಂದು ಸೇರಿಸುತ್ತೀರಿ. ಅದು ನಿಮ್ಮಮ್ಮ ನನ್ನ ಮಾನ ಉಳಿಸಲು ಹೇಳಿದ ಮಾತು. ನಾನೂ ಸುಮ್ಮನೆ ತಲೆಯಾಡಿಸುತ್ತಾ ಬಂದೆ. ನೋಡದೇ ಇರುವ ಸಮುದ್ರಕ್ಕೆ ನಾನು ಯಾಕೆ ಹೆದರಲಿ? ನನಗೆ ಭಯವಿದ್ದದ್ದು ಮನುಷ್ಯರ ಎದುರು ಬಾಯಿ ತೆರೆಯುವುದಕ್ಕೆ. ಹಳ್ಳಿ ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸು ಓದುವಾಗ ಮೇಷ್ಟ್ರು ಹೆಸರು ಕೇಳಿದರೆ ಪಕ್ಕದಲ್ಲಿ ಕೂತವಳು ನನ್ನ ಹೆಸರು ಹೇಳಬೇಕಾಗಿತ್ತು. ಇಂಥವರಿಗೆ ಒಂದು ಕಷ್ಟವಿದೆ. ಆಡದೆ ಉಳಿದ ಮಾತೆಲ್ಲ ಒಳಗೇ ಕೂಡಿಬಿದ್ದಿರುತ್ತದೆ. ಬಾಯಿ ಮುಚ್ಚಿಕೊಂಡಿರಲೇಬೇಕಾದ ಒಂದು ದಿನ ನೋಡಿಕೊಂಡು ಅದು ಹೊರಗೆ ಬರುತ್ತದೆ.

ನಿಮ್ಮಮ್ಮನಿಗೆ ಚಾಮರಾಜನಗರದ ಆಫೀಸಿನಲ್ಲಿ ಗುಮಾಸ್ತೆ ಕೆಲಸ. ಸರ್ಕಾರದ ಖರ್ಚಿನಲ್ಲಿ ಮನೆಯವರನ್ನು ಕರೆದುಕೊಂಡು ಊರು ನೋಡಿಬರುವ ಸವಲತ್ತು ಇದೆಯಂತೆ. ಅದಕ್ಕೆ ಎಲ್‌ಟಿಸಿ ಎನ್ನುತ್ತಾರೆ. ಬೇರೆಯವರು ಅದರಲ್ಲಿ ತಿರುಪತಿಗೋ ಕನ್ಯಾಕುಮಾರಿಗೋ ಹೋಗಿಬಂದರೆ, ನಮ್ಮ ಮನೆಯಲ್ಲಿ ನೀವಿಬ್ಬರು ಭೂಪಟ ಹರಡಿಕೊಂಡು ಕೂತಿರಿ. ನೀಲಿ ಬಣ್ಣದ ನಡುವೆ ಯಾರೋ ಎಳ್ಳು ಚೆಲ್ಲಿದ ಹಾಗೆ ಕಾಣುವ ದ್ವೀಪಗಳನ್ನು ಮಧು ಬೆರಳಿಟ್ಟು ತೋರಿಸಿದ. ಅವುಗಳಲ್ಲೊಂದರಲ್ಲಿ ಸಮುದ್ರದೊಳಗಿಂದಲೇ ಎದ್ದ ಬೆಟ್ಟ ಬೆಂಕಿ ಉಗುಳುತ್ತದೆ, ಅಲ್ಲಿ ಒಬ್ಬ ಮನುಷ್ಯನೂ ಇಲ್ಲ, ಹಡಗಿನಿಂದ ದೂರದಲ್ಲಿ ಹೊಗೆ ಕಾಣಬಹುದು ಎಂದು ಚೈತ್ರಾ ಓದಿ ಹೇಳಿದಳು. ನಾನು ಅಷ್ಟರವರೆಗೆ ಕಂಡ ಬೆಟ್ಟವೆಂದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಅದರ ನೆತ್ತಿಯ ಮೇಲೆ ಕೂರುವುದು ಮಂಜು. ನೀರಿನ ನಡುವೆ ನಿಂತು ಉರಿಯುವ ಬೆಟ್ಟ ಎಂದ ಕೂಡಲೇ ನನಗೆ ಅದನ್ನು ನೋಡದೆ ಸಾಯಬಾರದು ಅನ್ನಿಸಿಬಿಟ್ಟಿತು. ಯಾರಿಗೂ ಹೇಳಲಿಲ್ಲ. ಆ ವಾರವೇ ದಾರಿಯ ಬುತ್ತಿಗೆಂದು ಹುರಿಹಿಟ್ಟಿಗೆ ರಾಗಿ ನೆನೆಹಾಕಿದೆ.

ನಮ್ಮೂರು ಭೀಮನಬೀಡಿನಲ್ಲಿ ಹುರಿಹಿಟ್ಟಿನ ವಾಸನೆ ಬಂದರೆ ಸಾಕು, ಪಯಣ ಎಲ್ಲಿಗೆ ಎಂದು ಕೇಳುತ್ತಾರೆ. ಪಕ್ಕದ ಮನೆಯ ಕೆಂಪಮ್ಮ ಅಂಡಮಾನ್ ಎಂಬ ಹೆಸರು ಕೇಳಿ ಜರಡಿ ಕೆಳಗಿಟ್ಟಳು.

“ಅಲ್ಲಿಗೆ ಕೊಲೆ ಮಾಡ್ದೋರ್ನ ಕಳುಸ್ತಿದ್ರು ಕಣಕ್ಕಾ. ನೀನೇನ್ ಮಾಡ್ಬುಟ್ಟೆ?”

ಆದರೂ ನನ್ನ ಎರಡು ಹಸುಗಳನ್ನು ನೋಡಿಕೊಳ್ಳಲು ಒಪ್ಪಿಕೊಂಡಳು. ಮಾರನೆಯ ದಿನ ಊರಿಗೆಲ್ಲ ಗೊತ್ತಾಯಿತು. ನಲ್ಲಿಯ ಹತ್ತಿರ ಹೆಂಗಸರು ನನಗೆ ಮೊದಲು ಬಿಂದಿಗೆ ಹಿಡಿಯಲು ಬಿಟ್ಟರು. ನಾನು ಏನೂ ಅಲ್ಲವೆಂಬಂತೆ ತಲೆ ತಗ್ಗಿಸಿಕೊಂಡು ನಿಂತಿದ್ದರೂ ಬಿಂದಿಗೆ ತುಂಬಲು ಅಂದು ಸ್ವಲ್ಪ ಹೆಚ್ಚು ಹೊತ್ತೇ ತೆಗೆದುಕೊಂಡೆ.

ತೊಡಕಿದ್ದದ್ದು ಒಂದು ಕಾಗದದಲ್ಲಿ. ನನ್ನನ್ನೂ ಕರೆದೊಯ್ಯಬೇಕಾದರೆ ನಾನು ಮಗಳ ಆಶ್ರಯದಲ್ಲಿ ಬದುಕುತ್ತಿರುವವಳು, ನನಗೆ ಬೇರೆ ದುಡಿಮೆಯಿಲ್ಲ ಎಂದು ಬರೆದ ಕಾಗದಕ್ಕೆ ಸಾಹೇಬರ ಎದುರಿನಲ್ಲಿ ಸಹಿ ಹಾಕಬೇಕಿತ್ತು. ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಾಯಿಸಿ ಚಾಮರಾಜನಗರಕ್ಕೆ ಹೋದೆ. ಬಸ್ ನಿಲ್ದಾಣದಿಂದ ಆಫೀಸಿನವರೆಗೂ ನಿಮ್ಮಮ್ಮ ನನಗೆ ಪಾಠ ಹೇಳಿಕೊಟ್ಟಳು. ಏನು ಕೇಳಿದರೂ ‘ಮಗಳೇ ನೋಡಿಕೊಳ್ಳೋದು ಸಾಮಿ’ ಎನ್ನಬೇಕು, ಅಷ್ಟೇ. ನನ್ನಂಥ ಮಾತಿಲ್ಲದವಳಿಗೆ ಇದಕ್ಕಿಂತ ಸುಲಭದ ಕೆಲಸ ಯಾವುದು ಎಂದು ಅವಳೂ ಧೈರ್ಯವಾಗಿದ್ದಳು.

ಸಾಹೇಬರು ಒಳ್ಳೆಯವರು. ಕುರ್ಚಿ ಹಾಕಿಸಿ ಕೂರಿಸಿದರು. ಪಾಪ, ಗಂಡನನ್ನು ಕಳೆದುಕೊಂಡು ಒಬ್ಬಳೇ ಹೆಂಗಸು, ಕೈಯಲ್ಲಿ ಏನೂ ಇಲ್ಲದೆ ಬಹಳ ಕಷ್ಟಪಟ್ಟಿರಬೇಕು ಎಂದರು. ನಾನು ಮಗಳೇ ನೋಡಿಕೊಳ್ಳೋದು ಸಾಮಿ ಎಂದೆ. ಅಲ್ಲಿಗೆ ಪೆನ್ನು ಕೈಗೆ ಕೊಟ್ಟಿದ್ದರೆ ನಾನು ಹಡಗು ಹತ್ತಿದ್ದೆ. ಆದರೆ ಪೆನ್ನು ಕೊಡುವಾಗ ಅವರ ಕಣ್ಣು ನನ್ನ ಅಂಗೈ ಮೇಲೆ ಬಿತ್ತು. ಅರಿಶಿನ ಬೇಯಿಸಿ ಒಣಗಿಸಿ ಇನ್ನೂ ತಿಂಗಳಾಗಿರಲಿಲ್ಲ, ಗೆರೆಗಳೊಳಗೆ ಹಳದಿ ಹಾಗೇ ಕೂತಿತ್ತು. ಅವರೂ ರೈತರ ಮಗನಂತೆ, ಹರವೆ ಕಡೆಯವರು. ಈ ಸಲ ನಮ್ಮ ಹೊಲದಲ್ಲಿ ಗೆಡ್ಡೆಯೆಲ್ಲ ಕೊಳೆತುಹೋಯಿತಮ್ಮ, ಈ ಬೆಳೆ ಹೆಂಗಸರ ಕೈಲಿ ಆಗುವಂಥದ್ದಲ್ಲ ಬಿಡಿ ಎಂದು ಸಮಾಧಾನ ಹೇಳಿದರು.

ಮಕ್ಕಳೇ, ಅದೇ ಮಾತು. ನಿಮ್ಮ ತಾತ ತೀರಿಕೊಂಡಾಗ ಊರಿನ ಹಿರಿಯರು ಜಗಲಿಯ ಮೇಲೆ ಕೂತು ಆಡಿದ್ದೂ ಅದೇ ಮಾತು. ಅವತ್ತು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದೆ, ಉತ್ತರ ಕೊಟ್ಟಿರಲಿಲ್ಲ. ಈಗ ಇಷ್ಟು ವರ್ಷದ ಮೇಲೆ ಕೊಟ್ಟೆ.

“ಕೊಳೀದೆ ಏನಾದಾತು ಸಾಮಿ, ನೀರು ನಿಲ್ಲಕ್ ಬುಟ್ಟಿದ್ರೆ? ನಮ್ಮೊಲಕ್ ಬಂದ್ ನೋಡಿ. ಬಿತ್ನೆ ಗೆಡ್ಡೆಗೆ ಇವತ್ತಿನವರ್ಗೂ ಇನ್ನೊಬ್ರ ಮನೆ ಬಾಗ್ಲು ತಟ್ಟಿಲ್ಲ ನಾನು.”

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಬಿತ್ತನೆ ಗೆಡ್ಡೆಯನ್ನು ಆರಿಸಿ ನೆರಳಿನಲ್ಲಿ ರಾಶಿ ಹಾಕಿ ಮುಚ್ಚಿಡುವುದು ಹೇಗೆ, ಬೇಯುವ ಅರಿಶಿನವನ್ನು ಒಲೆಯಿಂದ ಇಳಿಸುವ ಹೊತ್ತನ್ನು ವಾಸನೆಯಲ್ಲೇ ಹಿಡಿಯುವುದು ಹೇಗೆ ಎಲ್ಲ ಹೇಳಿದೆ. ವ್ಯಾಪಾರದವರು ನನ್ನ ಕಣಕ್ಕೇ ಬಂದು ಕೊಳ್ಳುವುದನ್ನೂ, ಎರಡು ಹಸುವಿನ ಹಾಲು ಡೈರಿಗೆ ಹಾಕುವುದನ್ನೂ, ಮಗಳನ್ನು ಓದಿಸಿದ್ದು ಇದರಲ್ಲೇ ಎಂಬುದನ್ನೂ ಹೇಳಿದೆ. ನಿಮ್ಮಮ್ಮ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ನಾನು ಕಾಲು ಎಳೆದುಕೊಂಡು ಮಾತು ಮುಂದುವರಿಸಿದೆ.

ಸಾಹೇಬರು ಕಾಗದ ನೋಡಿದರು, ನನ್ನನ್ನು ನೋಡಿದರು. “ಅಮ್ಮಾ, ಇದರಲ್ಲಿ ನೀವು ಮಗಳ ಆಶ್ರಯದಲ್ಲಿದ್ದೀರಿ ಅಂತ ಬರೆದಿದೆ. ನೀವು ಹೇಳೋದು ಕೇಳಿದ್ರೆ ಬೇರೆ ಥರ ಇದೆ. ನಾನು ಏನಂತ ಬರ್ಕೊಳ್ಳಲಿ?” ಎಂದು ಮೆತ್ತಗೆ ಕೇಳಿದರು.

ಒಂದು ಮಾತು ಸಾಕಿತ್ತು. ಸುಮ್ಮನೆ ಆಡಿದೆ ಸಾಮಿ ಎಂದಿದ್ದರೆ ಸಮುದ್ರ, ಹಡಗು, ಬೆಂಕಿ ಬೆಟ್ಟ ಎಲ್ಲವೂ ನನ್ನದು. ನಿಮ್ಮಮ್ಮನ ಮುಖ ನೋಡಿದೆ. ಅವಳ ಕಣ್ಣಲ್ಲಿ ನೀರಿತ್ತು. ಕೋಪಕ್ಕೋ ಏನೋ, ಅವತ್ತು ಗೊತ್ತಾಗಲಿಲ್ಲ.

“ಇದ್ದುದ್ದೇ ಬರ್ಕೊಳಿ ಸಾಮಿ” ಎಂದೆ.

ನೀವೇ ಬರೆದುಕೊಡಿ ಎಂದರು. ಬಿಳಿ ಹಾಳೆ ತೆಗೆದುಕೊಂಡು, ನಾಲ್ಕನೇ ಕ್ಲಾಸಿನ ದಪ್ಪ ಅಕ್ಷರದಲ್ಲಿ, ನಾನು ನನ್ನ ಸ್ವಂತ ದುಡಿಮೆಯಲ್ಲಿ ಬದುಕುತ್ತಿದ್ದೇನೆ ಎಂದು ಬರೆದು ಪೂರ್ತಿ ಹೆಸರು ಹಾಕಿದೆ. ಸಾಹೇಬರು ಎದ್ದು ನಿಂತು ಕಾಗದ ತೆಗೆದುಕೊಂಡರು. ಅಷ್ಟು ದೊಡ್ಡ ಆಫೀಸಿನಲ್ಲಿ ನನಗಾಗಿ ಒಬ್ಬರು ಎದ್ದು ನಿಂತರು ಎಂಬುದನ್ನು ನಾನು ಇವತ್ತಿಗೂ ದಿನಕ್ಕೊಂದು ಸಲ ನೆನೆಸಿಕೊಳ್ಳುತ್ತೇನೆ.

ಬಸ್ ನಿಲ್ದಾಣದವರೆಗೂ ನಿಮ್ಮಮ್ಮ ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದಳು. ಬಸ್ಸು ಹೊರಟಾಗ ಕಿಟಕಿಯ ಹತ್ತಿರ ಬಂದು ಹೇಳಿದಳು: “ಅಷ್ಟು ಗತ್ತಿದ್ರೆ ನಿನ್ನ ದುಡ್ಡಲ್ಲೇ ಟಿಕೆಟ್ ತಗೊಂಡು ಬಾವ್ವ.”

ಬರಬಹುದಿತ್ತು, ಮಕ್ಕಳೇ. ಟಿಕೆಟ್ಟಿಗೆ ಹೇಳಿಕಳಿಸಬೇಕು ಎಂದುಕೊಂಡಿದ್ದೆ ಕೂಡ. ಆದರೆ ನಾಲ್ಕೇ ದಿನದಲ್ಲಿ ಒಳ್ಳೆಯ ಮಳೆ ಬಿದ್ದು ಹೊಲ ಬಿತ್ತನೆಗೆ ಹದವಾಗಿ ಕೂತಿತು. ಮಗಳ ಆಶ್ರಯದಲ್ಲಿರುವವಳಾಗಿದ್ದರೆ ಬಿತ್ತನೆ ಯಾರಾದರೂ ಮಾಡಿಕೊಳ್ಳಲಿ ಎಂದು ಹೊರಟುಬಿಡುತ್ತಿದ್ದೆ. ಸ್ವಂತ ದುಡಿಮೆಯವಳೆಂದು ಬರೆದುಕೊಟ್ಟ ಮೇಲೆ ಹದ ಬಿಟ್ಟು ಹೋಗುವುದು ಹೇಗೆ? ನಿಮ್ಮಮ್ಮನ ರಜೆಗೆ ಸಾಹೇಬರು ಸಹಿ ಹಾಕಿದರು. ನನ್ನ ರಜೆಗೆ ಸಹಿ ಹಾಕಬೇಕಾದವಳು ನಾನೇ ಆಗಿದ್ದೆ, ಹಾಕಲಿಲ್ಲ. ನೀವು ಹಡಗಿನಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದಾಗ ನಾನು ಸಾಲಿನುದ್ದಕ್ಕೂ ಬಗ್ಗಿ ಗೆಡ್ಡೆ ಊರುತ್ತಾ ಬೆಂಕಿ ಬೆಟ್ಟ ಈಗ ಕಂಡಿತೇನೋ ಎಂದುಕೊಳ್ಳುತ್ತಿದ್ದೆ.

ಈ ಹಾಳೆಗಳನ್ನು ಹರಿಯದಂತೆ, ಗೆದ್ದಲು ಹಿಡಿಯದಂತೆ ಜೋಪಾನವಾಗಿ ಇಟ್ಟುಕೊಳ್ಳಿ. ನಿಮ್ಮಮ್ಮನ ಆಫೀಸಿನ ಕಾಗದಗಳ ಜೊತೆಗೆ ಮಾತ್ರ ಸೇರಿಸಬೇಡಿ. ನಾನು ಕೈಯಾರೆ ಬರೆದದ್ದು ಆ ಫೈಲಿಗೆ ಹೋದರೆ ಏನಾಗುತ್ತದೆಂದು ನೋಡಿದ್ದೀರಲ್ಲ.