ಸರ್ವರ್‌ಗೂ ಒಂದು ಪೂಜೆ

ಸರ್ವರ್‌ಗೂ ಆಯುಧಪೂಜೆ ಆಗಬೇಕು ಎಂದು ರತ್ನಾವತಿ ಮೇಡಂ ತೀರ್ಮಾನಿಸಿದ್ದೇ ತಾರಾನಾಥನ ಗ್ರಹಚಾರ ಕೆಡಲು ಸಾಕಾಯಿತು.

ಹಬ್ಬದ ಬೆಳಿಗ್ಗೆ ಅವನು ಠಾಣೆ ಶಹರದ ಆಫೀಸಿಗೆ ಕಾಲಿಡುವಷ್ಟರಲ್ಲಿ ಅಕೌಂಟ್ಸಿನ ಮೇಡಂ ಹರಿವಾಣ ಹಿಡಿದು ಸರ್ವರ್ ಕೋಣೆಯ ಎದುರು ನಿಂತಿದ್ದರು.

“ತಾರಾನಾಥ್ರೆ, ಎಲ್ಲಾ ಕಂಪ್ಯೂಟರಿಗೂ ಹೂ ಇಟ್ಟಾಯ್ತು. ಸರ್ವರ್ ಆಫ್ ಮಾಡಿ ಹೊರಗೆ ತನ್ನಿ. ನಡೀತಾ ಇರುವ ಯಂತ್ರಕ್ಕೆ ಪೂಜೆ ಮಾಡ್ಲಿಕ್ಕಿಲ್ಲ.”

ಸರ್ವರ್ ನೋಡಿಕೊಳ್ಳುವ ಹೊಣೆ ತಾರಾನಾಥನದು. ಮಾಲಕ ಸರ್ವೋತ್ತಮ ಶೆಟ್ಟರ ಎಂಟು ಹೋಟೆಲುಗಳ ಬಿಲ್ಲೂ ಆ ಸರ್ವರಿನಿಂದಲೇ ಹೊರಡಬೇಕು. ಅದಕ್ಕೋ ವಯಸ್ಸಾಗಿತ್ತು. ಒಮ್ಮೆ ಆಫ್ ಮಾಡಿದರೆ ಮತ್ತೆ ಏಳಲು ಮುನಿಸಿಕೊಂಡ ಅಳಿಯನಷ್ಟು ಉಪಚಾರ ಕೇಳುತ್ತಿತ್ತು. ಅದರ ಮೇಲೆ ಶೆಟ್ಟರು ನಿನ್ನೆಯಷ್ಟೇ ಕರಾರು ಹಾಕಿದ್ದರು: “ರಜೆ ತಕೊ, ಬೇಡ ಹೇಳುದಿಲ್ಲ. ಆದ್ರೆ ಹಬ್ಬದ ದಿವಸ ಸರ್ವರ್ ನಿಂತ್ರೆ ರಜೆ ಕ್ಯಾನ್ಸಲ್.”

ರಜೆ ಅಂತಿಂಥ ರಜೆಯಲ್ಲ. ಅವತ್ತು ಸಂಜೆಯ ರೈಲಿಗೆ ಅವನೂ ಹೆಂಡತಿ ಪ್ರಭಾಳೂ ಕುಂದಾಪುರಕ್ಕೆ ಹೊರಡಬೇಕಿತ್ತು. ಪ್ರಭಾಳ ತಂಗಿ ಅಕ್ಷಯಾಳ ನಿಶ್ಚಿತಾರ್ಥ. ಕಳೆದ ವರ್ಷ ಭಾವಮೈದುನನ ಮದುವೆಗೆ ಸರಿಯಾಗಿ ಸರ್ವರ್ ಮಲಗಿತ್ತು. ಒಬ್ಬಳೇ ಹೋಗಿಬಂದ ಪ್ರಭಾ ಒಂದು ತಿಂಗಳು “ಹ್ಞೂಂ”, “ಊಹ್ಞೂಂ” ಬಿಟ್ಟು ಬೇರೆ ಮಾತಾಡಿರಲಿಲ್ಲ. ಈ ಸಲವೂ ತಪ್ಪಿಸಿದರೆ ಅಷ್ಟೂ ಸಿಗುವ ಭರವಸೆ ಇರಲಿಲ್ಲ.

ಅವನು ಶೆಟ್ಟರ ಹತ್ತಿರ ಓಡಿದ.

“ಎಂತ ಮಾರಾಯ,” ಎಂದರು ಶೆಟ್ಟರು, “ಸರ್ವರ್ ನಿಲ್ಲಬಾರದು. ಪೂಜೆಯೂ ನಿಲ್ಲಬಾರದು. ನೀನು ಕಲಿತವ, ಏನಾದ್ರೂ ಮಾಡು.”

ಕಲಿತವನು ಮಾಡಿದ. ಸ್ಟೋರ್ ರೂಮಿನಲ್ಲಿ ಹಳೆಯ ಸರ್ವರ್ ಒಂದು ಧೂಳು ತಿನ್ನುತ್ತಿತ್ತು. ನೋಡಲು ಕಪಾಟಿನಷ್ಟು ಗಾತ್ರ, ಒಳಗೆ ಜೀವವಿಲ್ಲ. ಅದನ್ನು ಒರೆಸಿ, ತಳ್ಳಿಕೊಂಡು ಬಂದು ದೇವರ ಫೋಟೋದ ಎದುರು ನಿಲ್ಲಿಸಿದ. ನಿಜವಾದ ಸರ್ವರ್ ಹಾರ್ಮೋನಿಯಂ ಪೆಟ್ಟಿಗೆಯಷ್ಟು ಸಣ್ಣದು; ಅದು ತನ್ನ ಕೋಣೆಯಲ್ಲಿ ಗುಂಯ್‌ಗುಡುತ್ತ ನಡೆಯುತ್ತಲೇ ಇತ್ತು. ಭದ್ರತೆಗೆಂದು ಕೋಣೆಯ ಗಾಜಿಗೆಲ್ಲ ಅವನು ಕಪ್ಪು ಕಾಗದ ಅಂಟಿಸಿದ್ದ. ಬಾಗಿಲು ಅವನ ಮತ್ತು ಶೆಟ್ಟರ ಹೆಬ್ಬೆಟ್ಟಿಗೆ ಮಾತ್ರ ತೆರೆಯುತ್ತಿತ್ತು, ಶೆಟ್ಟರು ಒಳಗೆ ಹೋದವರೇ ಅಲ್ಲ. ಹಾಗಾಗಿ ಸರ್ವರ್ ಕಪ್ಪೋ ಬಿಳಿಯೋ ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

“ಆಫ್ ಮಾಡಿದ್ದೀರಲ್ಲ?” ಎಂದು ಮೇಡಂ ಕೇಳಿದರು.

“ಪೂರ್ತಿ ಆಫ್ ಮೇಡಂ.” ಅದು ಆಫ್ ಆಗಿ ನಾಲ್ಕು ವರ್ಷವಾಗಿತ್ತು.

ಪೂಜೆ ಭರ್ಜರಿಯಾಗಿ ನಡೆಯಿತು. ಕುಂಬಳಕಾಯಿ ಒಡೆದರು. ತೆಂಗಿನಕಾಯಿಯ ನೀರು ಯಂತ್ರದ ಹೊಟ್ಟೆಗೇ ಹೋಯಿತು. ಶೆಟ್ಟರು ಅಡ್ಡಬಿದ್ದು ಎದ್ದು, ಅಭ್ಯಾಸಬಲದಿಂದ ಮೊಬೈಲ್ ನೋಡಿದವರು ನೋಡುತ್ತಲೇ ನಿಂತುಬಿಟ್ಟರು.

“ರತ್ನಾವತಿ! ಸರ್ವರ್ ಆಫ್ ಉಂಟು, ಆದ್ರೂ ಬಿಲ್ಲು ಬರ್ತಾ ಉಂಟು! ನೆರೂಳದ್ದು, ಡೊಂಬಿವಲಿಯದ್ದು, ಎಲ್ಲಾ ಬರ್ತಾ ಉಂಟು!”

“ದೇವಿ ಮಹಿಮೆ!” ಎಂದು ಮೇಡಂ ಕೆನ್ನೆ ಬಡಿದುಕೊಂಡರು.

ತಾರಾನಾಥ ಬಾಯಿ ತೆರೆದ, ರೈಲು ನೆನಪಾಯಿತು, ಮುಚ್ಚಿದ. ಕಣ್ಣೊರೆಸಿಕೊಳ್ಳುತ್ತ ಶೆಟ್ಟರು ಅವನ ಕೈಗೆ ಪಂಚಕಜ್ಜಾಯದ ಡಬ್ಬಿ ಕೊಟ್ಟರು. “ಇದನ್ನು ನೆರೂಳದ ಹೋಟೆಲಿಗೆ ಮುಟ್ಟಿಸಿ ಹಾಗೇ ರಜೆ ಮೇಲೆ ಹೋಗು. ಇನ್ನು ಆ ಸರ್ವರ್ ದೇವರೇ ನೋಡ್ಕೊಳ್ತಾನೆ.”

ಅವನು ಸೀಟಿ ಹಾಕುತ್ತ ಲೋಕಲ್ ರೈಲು ಹತ್ತಿದ. ನೆರೂಳದಲ್ಲಿ ಇಳಿದು ಹೋಟೆಲಿಗೆ ಹೋದರೆ ಬಾಗಿಲವರೆಗೂ ಜನ, ಗಲ್ಲಾದಲ್ಲಿ ಕೂತ ಮ್ಯಾನೇಜರ್ ಜಯಶೀಲ ಬೆವರಿ ನೀರಾಗಿದ್ದ.

“ಅಣ್ಣ, ಬಿಲ್ಲು ಬರೂದೇ ಇಲ್ಲ! ಎಂಟೂ ಹೋಟೆಲಲ್ಲಿ ನಿಂತುಹೋಗಿದೆಯಂತೆ!”

ತಾರಾನಾಥ ಮೇಡಂಗೆ ಫೋನ್ ಮಾಡಿದ. “ಸರ್ವರ್ ಕೋಣೆಗೆ ಯಾರಾದ್ರೂ ಹೋಗಿದ್ರಾ?”

“ಯಾರಾದ್ರೂ ಅಲ್ಲ, ಶೆಟ್ರೇ ಹೆಬ್ಬೆಟ್ಟು ಒತ್ತಿ ತೆಗೆದ್ರು. ಪೂಜೆಯಾದ ಸರ್ವರ್ ಅದರ ಜಾಗದಲ್ಲೇ ಕೂರ್ಬೇಕಲ್ಲ? ಅಲ್ಲಿ ಎಂಥದ್ದೋ ಕಪ್ಪು ಪೆಟ್ಟಿಗೆ ಬಿದ್ದಿತ್ತು. ಕೆಳಗೆ ಗುಜರಿಯ ಮಾಪಣ್ಣನ ಟೆಂಪೋ ನಿಂತಿತ್ತು, ಕೊಟ್ಟುಬಿಟ್ಟೆವು.”

“ಅದರ ನೆತ್ತಿ ಮೇಲೆ ಒಂದು ಡಿಸ್ಕ್ ಇತ್ತಲ್ಲ?”

“ಅದೂ ಹೋಯ್ತು. ಜಾಗ ಈಗ ಎಷ್ಟು ಚೊಕ್ಕ ಆಗಿದೆ ಗೊತ್ತುಂಟಾ?”

ಸರ್ವರ್ ಕೆಟ್ಟರೆ ಇರಲಿ ಎಂದು ದಿನವೂ ಎಲ್ಲದರ ನಕಲು ಇಳಿಸಿಡುತ್ತಿದ್ದ ಡಿಸ್ಕ್ ಅದು. ಬೇಕೆಂದಾಗ ಕೈಗೆ ಸಿಗಲಿ ಎಂದು ಸರ್ವರ್ ಮೇಲೆಯೇ ಅಂಟಿಸಿಟ್ಟ ಬುದ್ಧಿವಂತ ಇವನೇ. ಬೀಗ, ಕಪ್ಪು ಕಾಗದ, ಪಾಸ್‌ವರ್ಡು ಎಲ್ಲವನ್ನೂ ಕಳ್ಳರಿಗೆಂದು ಮಾಡಿದ್ದ. ಮಾಲಕರಿಗೆಂದು ಏನೂ ಮಾಡಿರಲಿಲ್ಲ.

ಲೋಕಲ್ ಮೇಲೆ ಲೋಕಲ್ ಹಿಡಿದು, ಯಾರದೋ ಕಾಲು ತುಳಿದು, ಬೈಸಿಕೊಂಡು, ತಾರಾನಾಥ ವಿಠ್ಠಲವಾಡಿಯಲ್ಲಿ ಇಳಿದ. ಸ್ಟೇಷನ್ನಿನ ಹಿಂದೆಯೇ ಮಾಪಣ್ಣನ ಗುಜರಿ ಅಂಗಡಿ.

“ಬೆಳಿಗ್ಗೆ ಠಾಣೆಯಿಂದ ತಂದ ಕಪ್ಪು ಪೆಟ್ಟಿಗೆ ನಮ್ಮ ಸರ್ವರ್ ಮಾರಾಯ್ರೆ! ತಪ್ಪಿ ಕೊಟ್ಟಿದ್ದಾರೆ!”

ಮಾಪಣ್ಣ ಕಲಬುರಗಿ ಕಡೆಯ ದೊಡ್ಡ ಮನಸ್ಸಿನ ಮನುಷ್ಯ. “ಅದಕ್ಯಾಕ ಅಷ್ಟ್ ಗಾಬರಿ ಆಗ್ತೀರಿ? ನಿಮ್ ವಸ್ತು ನೀವು ಒಯ್ರಿ.”

ತಾರಾನಾಥನ ಕಣ್ಣಲ್ಲಿ ನೀರು ಬಂತು. ಈಗ ಎತ್ತಿಕೊಂಡು ಓಡಿದರೆ ಠಾಣೆಯಲ್ಲಿ ಜೋಡಿಸಿ, ರೈಲೂ ಹಿಡಿಯಬಹುದು.

“ನಾಳಿ ಒಯ್ರಿ,” ಎಂದು ಮಾಪಣ್ಣ ಮಾತು ಮುಗಿಸಿದ.

“ನಾಳೆ ಯಾಕೆ?”

ಮಾಪಣ್ಣ ಒಳಗೆ ಕೈ ತೋರಿಸಿದ. ಗೋಡೆಯ ಬದಿಗೆ ತಕ್ಕಡಿ, ಸುತ್ತಿಗೆ, ಟೆಂಪೋದ ಕೀಲಿ ಸಾಲಾಗಿ ಇಟ್ಟಿದ್ದರು. ನಡುವೆ ಪಟ್ಟದ ಎತ್ತಿನ ಹಾಗೆ ಸರ್ವರ್ ಕೂತಿತ್ತು. ಮೈತುಂಬ ವಿಭೂತಿ, ಕೊರಳಿಗೆ ಚೆಂಡುಹೂವಿನ ಮಾಲೆ, ಎದುರಿಗೆ ಹೋಳಿಗೆ.

ಮಾಪಣ್ಣನ ಹೆಂಡತಿ ಸಾಬವ್ವ ಸೊಂಟಕ್ಕೆ ಕೈಯಿಟ್ಟು ಅಡ್ಡ ನಿಂತಳು. “ಹಬ್ಬದ ದಿನ ಮನಿಗಿ ಬಂದದ್ದ ಬಿಡ್ಲಿಕ್ಕಿ ಬರ್ತದೇನ್ರಿ? ಖಂಡೇಪೂಜಿ ಮಾಡೀವಿ. ಪೂಜಿಗಿ ಕುಂತದ್ದು ನಾಳಿ ಬನ್ನಿ ಮುಡಿಯೋತನಕ ಅಲುಗಾಡ್ಸಂಗಿಲ್ಲ. ಓದಿದವ್ರು, ನಿಮಗ ಅಷ್ಟೂ ತಿಳೀವಲ್ದು?”

ಬೇಡಿಕೊಂಡ, ಕೈಮುಗಿದ, ಎಂಟು ಹೋಟೆಲಿನ ಹೆಸರು ಹೇಳಿದ. ಸಾಬವ್ವ ಜಗ್ಗಲಿಲ್ಲ. ಕೊನೆಗೆ ಶೆಟ್ಟರೇ ದಬಾಯಿಸಲಿ ಎಂದು ಫೋನ್ ಮಾಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ.

ಶೆಟ್ಟರು ಕೇಳಿದರು: “ಹಾಗಾದ್ರೆ ನಾನು ಅಡ್ಡಬಿದ್ದದ್ದು ಹಾಳು ಡಬ್ಬಕ್ಕಾ?”

“ಹೌದು ಸರ್.”

“ನಿಜವಾದ ಸರ್ವರ್‌ಗೆ ಪೂಜೆಯೇ ಆಗ್ಲಿಲ್ವಾ?”

“ಆಗಿದೆ ಸರ್. ಇಲ್ಲಿ. ಹೋಳಿಗೆಯೂ ಇಟ್ಟಿದ್ದಾರೆ.”

“ಅಬ್ಬ!” ಶೆಟ್ಟರು ಉಸಿರು ಬಿಟ್ಟರು. “ಆ ಅಮ್ಮ ಹೇಳುದು ಸರಿ. ಪೂಜೆಗೆ ಇಟ್ಟದ್ದನ್ನು ಎತ್ತಬೇಡ. ಒಂದು ದಿವಸ ಕೈಯಲ್ಲೇ ಬಿಲ್ಲು ಬರೀತಾರೆ, ಎಂತ ಆಗುದಿಲ್ಲ.”

“ಮತ್ತೆ ನನ್ನ ರಜೆ ಸರ್? ಸರ್ವರ್ ನಿಂತಿತಲ್ಲ…”

“ಎಂತ ಮಾತಾಡ್ತಿ ಮಾರಾಯ! ಪೂಜೆಗೆ ನಿಂತದ್ದನ್ನು ನಿಂತದ್ದು ಅಂತ ಹೇಳ್ಲಿಕ್ಕುಂಟಾ? ಬೆಳಿಗ್ಗೆ ನೀನೇ ಆಫ್ ಮಾಡಿದ್ರೂ ನಾನು ಒಂದು ಮಾತು ಹೇಳ್ತಿರ್ಲಿಲ್ಲ. ರಜೆ ಕೊಟ್ಟಾಯ್ತು!”

ಇದನ್ನು ಬೆಳಿಗ್ಗೆಯೇ ಹೇಳಬಾರದಿತ್ತೇ! ತಾರಾನಾಥನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಹೇಗೂ ರೈಲು ಸಿಗುತ್ತದಲ್ಲ ಎಂದು ಸ್ಟೇಷನ್ ಕಡೆ ತಿರುಗಿದ.

“ನಿಲ್ಲು,” ಎಂದರು ಶೆಟ್ಟರು. “ನಮ್ಮ ಅಷ್ಟೂ ವ್ಯವಹಾರ ಅದರ ಹೊಟ್ಟೆಯಲ್ಲಿ ಉಂಟು. ಗುಜರಿ ಅಂಗಡಿಯಲ್ಲಿ ಬಿಟ್ಟು ಬರ್ಲಿಕ್ಕೆ ಆಗ್ತದಾ? ನಾಳೆ ಎತ್ತುವವರೆಗೆ ಹತ್ತಿರವೇ ಕೂತ್ಕೊ. ಆಮೇಲೆ ಬೇಕಾದಷ್ಟು ರಜೆ.”

ಫೋನ್ ಇಟ್ಟದ್ದೇ ಪ್ರಭಾಳ ಕರೆ ಬಂತು. “ಎರಡೂ ಬ್ಯಾಗು ನಾನೇ ಹೊತ್ತು ಸ್ಟೇಷನಿಗೆ ಬಂದಿದ್ದೇನೆ. ನೀವು ಎಲ್ಲಿ?”

“ವಿಠ್ಠಲವಾಡಿಯಲ್ಲಿ. ನಾಳೆ ಬನ್ನಿ ಕೊಡುವವರೆಗೆ ಇಲ್ಲಿಂದ ಎತ್ತುವ ಹಾಗಿಲ್ಲವಂತೆ.”

“ಯಾರನ್ನು?”

ಸಾಬವ್ವ ಅವನಿಗೊಂದು ಗೋಣಿ ಹಾಸಿ, ಸರ್ವರ್ ಪಕ್ಕದಲ್ಲಿ ಕೂರಿಸಿ, ಉಳಿದಿದ್ದ ವಿಭೂತಿಯನ್ನು ಹಣೆತುಂಬ ಬಳಿಯುತ್ತಿದ್ದಳು.

“ಇಬ್ಬರನ್ನೂ,” ಎಂದ ತಾರಾನಾಥ.