ಕೂರಲೊಲ್ಲದ ಮಾವನಿಗೆ ಕೂರುವ ಕೆಲಸ

ನನ್ನ ಸೋದರಮಾವ ಈ ಪ್ರಪಂಚದಲ್ಲಿ ಹೆದರುವುದು ಕುರ್ಚಿಗೆ ಮಾತ್ರ! ನಂಬುವುದಿಲ್ಲವೇ? ಖಾಲಿ ಲೋಕಲ್ ರೈಲಿನಲ್ಲೂ ಅವರು ಬಾಗಿಲ ಬಳಿಯೇ ನಿಲ್ಲುತ್ತಾರೆ. ನನ್ನ ಮದುವೆಯ ಆಲ್ಬಮ್ ತೆರೆದರೆ ಊಟದ ಫೋಟೋಗಳಲ್ಲೆಲ್ಲ ಸಾರಿನ ಬಕೆಟ್ ಹಿಡಿದು ನಿಂತಿದ್ದಾರೆ. ಫೋರ್ಟಿನ ಉಡುಪಿ ಹೋಟೆಲೊಂದರಲ್ಲಿ ಮೂವತ್ತು ವರ್ಷ ಸಪ್ಲಾಯರ್ ಆಗಿದ್ದವರಿಗೆ ಕುರ್ಚಿ ಎಂದರೆ ಗಿರಾಕಿಯ ಆಸ್ತಿ.

ಇಂಥವರು ನಲವತ್ತೇಳನೇ ವಯಸ್ಸಿನಲ್ಲಿ ನೆಟ್‌ವರ್ಕಿಂಗ್ ಪರೀಕ್ಷೆ ಪಾಸು ಮಾಡಿ ಸರ್ಟಿಫಿಕೇಟ್ ಹಿಡಿದು ಬಂದರು! ಹೋಟೆಲಿನ ಇಂಟರ್ನೆಟ್ ಕೆಟ್ಟಾಗ ರಿಪೇರಿಗೆ ಬಂದವನ ಬೆನ್ನ ಹಿಂದೆ ನಿಂತು ನೋಡಿದ್ದೇ ಶುರು. ಆಮೇಲೆ ಎರಡು ವರ್ಷ, ಮಧ್ಯಾಹ್ನದ ಬಿಡುವಿನಲ್ಲಿ, ಮೊಬೈಲನ್ನು ನೀರಿನ ಜಗ್ಗಿಗೆ ಒರಗಿಸಿಟ್ಟು ನಿಂತೇ ಓದಿದರು. ಈ ರೂಟರ್ ಎಂಬುದು ಮಾಡುವುದಾದರೂ ಏನು ಎಂದು ನಾನೊಮ್ಮೆ ಕೇಳಿದ್ದೆ.

"ಅದೆಂತ ದೊಡ್ಡ ವಿಷಯ? ಆರನೇ ಟೇಬಲಿನ ದೋಸೆ ಒಂಬತ್ತಕ್ಕೆ ಹೋಗ್ಬಾರ್ದು. ಅಷ್ಟೇ!"

ಪಾಸಾದದ್ದೇನೋ ಸರಿ, ಮುಂದೇನು? ಎರಡು ಕೆಲಸ ಸಿಗುವಂತಿತ್ತು. ಒಂದು, ವಿಕ್ರೋಳಿಯ ಕಂಪನಿಯಲ್ಲಿ ಪರದೆಗಳ ಮುಂದೆ ಕೂತು ನೆಟ್‌ವರ್ಕ್ ಕಾಯುವುದು. ಇನ್ನೊಂದು, ಏಣಿ ಹೊತ್ತು ಬಿಲ್ಡಿಂಗಿನಿಂದ ಬಿಲ್ಡಿಂಗಿಗೆ ಅಲೆದು ಕೇಬಲ್ ಎಳೆಯುವುದು. ಪರೇಲಿನ ಡಾಕ್ಟರು ಮಾವನ ಮೊಣಕಾಲು ಮುಟ್ಟಿ ನೋಡಿ, ಇನ್ನೂ ಹೀಗೆ ನಿಂತರೆ ಆಪರೇಷನ್ನೇ ಗತಿ ಎಂದು ಆಗಲೇ ಹೇಳಿಯಾಗಿತ್ತು. ಬುದ್ಧಿಯಿದ್ದವರು ಯಾವುದನ್ನು ಆರಿಸುತ್ತಾರೆ? ಮಾವ ಏಣಿಯ ಕಡೆ ವಾಲಿದರು!

ವಿಕ್ರೋಳಿಯ ಇಂಟರ್‌ವ್ಯೂನಲ್ಲೇ ಎಡವಟ್ಟಾಗಿತ್ತಂತೆ. ಚೆನ್ನಾಗಿ ಉತ್ತರ ಕೊಡುತ್ತಿದ್ದವರು, ಚಹಾದ ಟ್ರೇ ಒಳಗೆ ಬಂದದ್ದೇ ತಡ, ಎದ್ದು ಅದನ್ನು ಇಸಿದುಕೊಂಡು ಮೂವರು ಸಾಹೇಬರಿಗೂ ಹಂಚಿ, ಮೇಜು ಒರೆಸಿ, "ಔರ್ ಕುಛ್, ಸಾಬ್?" ಎಂದು ಕೇಳಿದರಂತೆ. ಉಳಿದ ಪ್ರಶ್ನೆಗಳಿಗೆಲ್ಲ ನಿಂತೇ ಉತ್ತರ. ಪುಣ್ಯಕ್ಕೆ ಸಾಹೇಬರು ಉತ್ತರ ನೋಡಿದರು, ಮೇಜು ನೋಡಲಿಲ್ಲ. ಮೂರು ದಿನದೊಳಗೆ ಒಪ್ಪಿಗೆ ತಿಳಿಸಿ ಎಂದರು.

ಎರಡು ದಿನ ಕಳೆದರೂ ಮಾವ ಒಪ್ಪಿಗೆ ತಿಳಿಸಲಿಲ್ಲ. ನನಗೆ ರೇಗಿತು.

"ಮಾವ, ಕಾಲು ಬೇಕಾ ಬೇಡ್ವಾ ನಿಮಗೆ?"

"ಬೇಕು ಮಾರಾಯ. ಆದ್ರೆ ಕೂತ್ರೆ ನಂಗೆ ನಿದ್ದೆ ಬರ್ತದೆ."

ನಾನು ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಅವರು ನಗಲಿಲ್ಲ.

"ಹುಡುಗನಿದ್ದಾಗ ರಾತ್ರಿ ಶಾಲೆಗೆ ಹೋಗ್ತಿದ್ದೆನಲ್ಲ, ಇಡೀ ದಿನ ಹೋಟೆಲಲ್ಲಿ ದುಡಿದು? ಬೆಂಚಲ್ಲಿ ಕೂತ್ರೆ ತಲೆ ಬಿದ್ದೇ ಹೋಗ್ತಿತ್ತು. ಕೂತವ್ರೆಲ್ಲ ಮಲಗಿದ್ರು, ಆಮೇಲೆ ಶಾಲೆಯೇ ಬಿಟ್ರು. ನಾನು ಮೂರು ವರ್ಷ ಹಿಂದಿನ ಗೋಡೆಗೆ ಒರಗಿ ನಿಂತು ಹತ್ತನೇ ಕ್ಲಾಸು ಪಾಸಾದೆ. ಈಗ ಕೂತು, ಸಿಕ್ಕಿದ್ದನ್ನೂ ಕಳ್ಕೊಂಡ್ರೆ?"

ಇಷ್ಟು ವರ್ಷ ನಾವೆಲ್ಲ ತಮಾಷೆ ಮಾಡಿದ್ದು ಇದನ್ನೇ! ನನಗೆ ನಾಚಿಕೆಯಾಯಿತು.

"ಆ ಸರ್ಟಿಫಿಕೇಟಿನ ಪರೀಕ್ಷೆ ಕೂತೇ ಬರೆದಿರಲ್ಲ ಮಾವ, ನಿದ್ದೆ ಬಂತಾ?"

"ಇಲ್ಲ. ಅಲ್ಲಿ ಹೆದರಿಕೆ ಉಂಟಲ್ಲ!"

"ವಿಕ್ರೋಳಿಯಲ್ಲೂ ಇರ್ತದೆ, ಹೋಗಿ."

ಮರುದಿನ ಒಪ್ಪಿಗೆ ತಿಳಿಸಿದರು. ಕೆಲಸಕ್ಕೆ ಸೇರಿದ ಮೇಲಿನ ಮೊದಲ ರಜೆಗೆ ನನ್ನನ್ನು ಫೋರ್ಟಿಗೆ, ಅದೇ ಹೋಟೆಲಿಗೆ ಕರೆದರು. ಅಭ್ಯಾಸಬಲದಿಂದ ನನಗೆ ಕುರ್ಚಿ ಎಳೆದುಕೊಟ್ಟು ಅಡುಗೆಮನೆಯತ್ತ ನಾಲ್ಕು ಹೆಜ್ಜೆ ಹೋದವರು ಅಲ್ಲೇ ನಿಂತರು. ತಿರುಗಿ ಬಂದು ನನ್ನ ಎದುರಿಗೆ, ಕುರ್ಚಿಯ ತುದಿಯಲ್ಲಿ ಕೂತರು. ಹಳೆಯ ಜೊತೆಗಾರ ನೀರು ತಂದಿಟ್ಟಾಗ ಲೋಟ ಇಸಿದುಕೊಳ್ಳಲು ಚಾಚಿದ ಅವರ ಕೈಯನ್ನು ನಾನು ಮೆಲ್ಲನೆ ಹಿಡಿದುಕೊಂಡೆ.

"ನಿದ್ದೆ ಬರ್ತದಾ ಮಾವ?"

"ಇಲ್ಲ ಮಾರಾಯ," ಎಂದರು. ಅವರ ಕಣ್ಣು ತುಂಬಿತ್ತು, ನನ್ನದೂ.

ಚಿಕ್ಕಂದಿನಿಂದ ಆ ಹೋಟೆಲಿನಲ್ಲಿ ನಾನು ತಿಂದ ಪ್ರತಿ ದೋಸೆಯನ್ನೂ ತಂದಿಟ್ಟವರು ಮಾವ. ನಾನು ತಿನ್ನುವುದನ್ನು ನಿಂತು ನೋಡುತ್ತಿದ್ದರು. ಆ ಟೇಬಲಿನಲ್ಲಿ ಕೂತು ನಾನು ಮೊದಲ ಸಲ ಹೇಳಿದೆ: "ಎರಡು ಮಸಾಲೆ."